ಮುಟ್ಟದೆ ನೋಡಿದ್ದು

ಎಳ್ಳು ಕಾಳಿನಷ್ಟು, ಕರಿ, ಬೆಳಕಿನ ಪೆಟ್ಟಿಗೆಯ ಮೇಲೆ ಹಾಸಿದ ಎಕ್ಸ್‌ರೇ ಫಿಲಮ್ಮಿನ ಬಲ ಮೂಲೆಯಲ್ಲಿ ಒಂದು ಚುಕ್ಕೆ, ಬೆನೀತಾ ಮುಖ ಹತ್ತಿರ ತಂದಳು, ದೂರ ಸರಿಸಿದಳು, ಚುಕ್ಕೆ ಅಲ್ಲೇ ಇತ್ತು — ಗುಳ್ಳೆಯೇ ಇರಬೇಕು, ದೇವರೇ, ಗುಳ್ಳೆಯೇ ಆಗಿರಲಿ, ಅಚ್ಚಿಗೆ ಸುರಿದ ಸಿಡಿಮದ್ದು ಆರಿ ಗಟ್ಟಿಯಾಗುವಾಗ ಒಳಗೆ ಸಿಕ್ಕಿಬಿದ್ದ ಒಂದು ಗುಟುಕು ಗಾಳಿ, ಇಲ್ಲವಾದರೆ ಬರೀ ಧೂಳು, ಧೂಳಾದರೆ ಒರೆಸಿದರೆ ಹೋಗುತ್ತದೆ, ಒರೆಸಬೇಕು, ಯಾವ ಫಿಲಂ ಬಂದರೂ ಅವಳು ಮೊದಲು ಮಾಡುವುದು ಅದನ್ನೇ, ಇವತ್ತು ಮಾತ್ರ ಕೈ ಮಡಿಲಲ್ಲೇ ಕೂತಿದೆ, ಕರೆದರೂ ಏಳದ ಬೆಕ್ಕಿನ ಹಾಗೆ. ಗುಳ್ಳೆಯಾದರೆ ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಬೇಕು, ಸುತ್ತು ಹಾಕಿದರೆ ವೆಂಡೆಲ್ ಬರುತ್ತಾನೆ, ಬರಲೇಬೇಕು, ಹಲ್ಲಿನ ಡಾಕ್ಟರ ಬೈರಿಗೆ ಹಿಡಿದು ಮದ್ದಿನ ಗಟ್ಟಿಗೆ ತೂತು ಕೊರೆದು ಆ ಪೊಳ್ಳಿಗೆ ಕರಗಿದ ಮದ್ದು ತುಂಬುವವನು ಅವನೇ, ಫಿಲಂ ಇಸಿದುಕೊಳ್ಳಲು ಈ ಕಿಟಕಿಗೇ ಬರುತ್ತಾನೆ, ಗಾಜಿಗೆ ಹಣೆ ತಾಗಿಸಿ, ಏನ್ರೀ ಬೆನೀತಾ, ಇವತ್ತು ಯಾರ ಹಲ್ಲು ಹುಳುಕು, ಬಂದಾಗಲೆಲ್ಲ ಅದೇ ಮಾತು, ಅವಳದೂ ಅದೇ ಉತ್ತರ, ತಲೆ ತಗ್ಗಿಸಿ, ಎಡಗಡೆ, ತಳದಲ್ಲಿ, ಅಷ್ಟೇ. ಸಂಜೆ ಬಸ್ಸು ಬೆಟ್ಟ ಇಳಿದು ಕಣಿವೆಯ ಕಡೆ ತಿರುಗುವಾಗ ಬೇರೆ ಉತ್ತರಗಳು ಬರುತ್ತಿದ್ದವು, ಒಂದಕ್ಕಿಂತ ಒಂದು ಚೆಂದ, ಮೊದಲು ನಿಮ್ಮ ಬಾಯಿ ತೆಗೀರಿ ನೋಡೋಣ ಅನ್ನಬಹುದಿತ್ತು, ಮಿಠಾಯಿ ಅಂಗಡಿಯವರ ಮಗನ ಹಲ್ಲು ಗಟ್ಟಿ ಇರುತ್ತಾ ಅನ್ನಬಹುದಿತ್ತು — ಅವನ ಅಪ್ಪ ಪೆನ್ಸಿಲ್ವೇನಿಯಾದಲ್ಲಿ ಮಿಠಾಯಿ ಕಾಯಿಸುವವರಂತೆ, ಇಲ್ಲಿ ಮದ್ದು ಕರಗಿಸುವುದೂ ಮಿಠಾಯಿ ಕೊಪ್ಪರಿಗೆಯಲ್ಲೇ, ಮೊದಲ ದಿನ ಅದನ್ನು ನೋಡಿ ಅವನಿಗೆ ನಗು ತಡೆಯಲಾಗಲಿಲ್ಲವಂತೆ, ಅಯ್ಯೋ, ಇದರಿಂದ ತಪ್ಪಿಸ್ಕೊಳ್ಳೋಕೆ ಅಂತ್ಲೇ ನಾನು ಸೈನ್ಯ ಸೇರಿದ್ದು ಕಣ್ರೀ!

ಬೆಟ್ಟದ ಮೇಲಿನ ಜನವೆಲ್ಲ ಗುಳ್ಳೆ ಬಾರದಿರಲಿ ಎಂದು ಉಸಿರು ಬಿಗಿಹಿಡಿದಿದ್ದರು, ಗುಳ್ಳೆ ಬರಲಿ ಎಂದು ಬೇಡಿಕೊಂಡವಳು ಅವಳೊಬ್ಬಳೇ. ಕಿತ್ತಳೆಯ ತೊಳೆಗಳ ಹಾಗೆ ಈ ಗಟ್ಟಿಗಳೆಲ್ಲ ಸೇರಿ ಒಂದು ಗೋಳವಾಗುತ್ತವೆ, ಎಲ್ಲವೂ ಒಂದೇ ಚಣಕ್ಕೆ ಸಿಡಿದು ನಡುವಿನದನ್ನು ಎಲ್ಲ ಕಡೆಯಿಂದ ಸಮನಾಗಿ ಅಮುಕಬೇಕು, ಒಂದರಲ್ಲಿ ಪೊಳ್ಳಿದ್ದರೂ ಅಮುಕು ಸೊಟ್ಟಗಾಗುತ್ತದೆ, ಅಷ್ಟನ್ನು ಹೇಳಿದ್ದಾರೆ, ನಡುವೆ ಏನಿದೆ ಎಂದು ಹೇಳಿಲ್ಲ, ಯುದ್ಧ ಮುಗಿಸೋ ಸಾಮಾನು ಅಂತ ತಿಳ್ಕೊ ಸಾಕು ಎಂದಿದ್ದ ಮೇಲ್ವಿಚಾರಣೆಯ ಸಾರ್ಜೆಂಟ್ ಕ್ರೌಚ್. ಆ ಗೋಳ ಬೀಳುವಲ್ಲೂ ಒಬ್ಬಳು ಗಾಜಿನ ಹಿಂದೆ ಕೂತು ಯಾರನ್ನೋ ಮುಟ್ಟದೆ ನೋಡುತ್ತಿರಬಹುದು — ಬೇಡ, ಆ ಕಡೆ ಬೇಡ. ಏನಮ್ಮಾ, ಫಿಲಂ ನೋಡ್ತಿದೀಯೋ ಜಪ ಮಾಡ್ತಿದೀಯೋ, ಇದೊಂದೇ ಬಾಕಿ, ಲಾರಿ ಹೊರಡ್ಬೇಕು, ಕ್ರೌಚ್ ಬಾಗಿಲಲ್ಲೇ ನಿಂತಿದ್ದಾನೆ, ಒಂದು ನಿಮಿಷ ಸಾರ್, ಲಾರಿಯಲ್ಲಿ ಗಟ್ಟಿಗಳ ಜೊತೆ ವೆಂಡೆಲ್ಲೂ ಹೋಗುತ್ತಾನೆ, ಎಲ್ಲಿಗೆಂದು ಕೇಳುವ ಹಾಗಿಲ್ಲ, ವಾಪಸು ಬರುತ್ತಾನೋ ಇಲ್ಲವೋ ಅದನ್ನಂತೂ ಯಾರೂ ಕೇಳುವುದಿಲ್ಲ, ಸುತ್ತು ಹಾಕಿದರೆ ನಾಳೆಯವರೆಗೆ ಇರುತ್ತಾನೆ. ಮುಟ್ಟಿಬಿಡು ಮಗಾ — ಕಣಿವೆಯ ಊರು ಚಿಮಾಯೋದ ಮನೆಯಲ್ಲಿ ಮಗ್ಗದ ಮುಂದೆ ಕೂತ ಅಜ್ಜಿ, ಲಾಳಿ ನಿಲ್ಲಿಸದೆ — ಆಸೆಪಟ್ಟು ಯಾರನ್ನ ನೋಡಿದ್ರೂ ಒಂದ್ಸಲ ಮುಟ್ಟಿಬಿಡ್ಬೇಕು, ಬರೀ ಕಣ್ಣಲ್ಲಿ ನೋಡಿ ಬಿಟ್ಯೋ, ಕಣ್ಣು ತಾಗ್ತದೆ, ನೀನು ಕೂಸಾಗಿದ್ದಾಗ ಯಾರೋ ದಾರೀಲಿ ಹೋಗೋವ್ಳು ಅಬ್ಬಾ ಏನು ಕಣ್ಣು ಅಂದು ಮುಟ್ಟದೆ ಹೋದ್ಲು, ಸಂಜೆಗೆ ಮೈ ಕೆಂಡ, ನಿಮ್ಮಪ್ಪ ಕುದುರೆ ಏರಿ ಅವಳನ್ನ ಹಿಡ್ಕೊಂಡು ಬಂದು ನಿನ್ನ ಹಣೆ ಮುಟ್ಟಿಸಿದ ಮೇಲೇ ಜ್ವರ ಇಳಿದದ್ದು. ಚಳಿಗಾಲದಿಂದ ನೋಡಿದ್ದೇ ನೋಡಿದ್ದು, ಮದ್ದಿನ ಬಣ್ಣ ಹಿಡಿದು ಮದುಮಗನಿಗೆ ಅರಿಸಿನ ಮೆತ್ತಿದಂತಾದ ಆ ಬೆರಳುಗಳನ್ನು, ನಕ್ಕಾಗ ಒಂದೇ ಕಡೆ ಏಳುವ ಕೆನ್ನೆಯನ್ನು, ಗಾಜಿನ ಕೆಳಗಿನ ಸಂದಿನಲ್ಲಿ ಫಿಲಂ ದಾಟಿಸುವಾಗ ಪ್ರತಿಸಲವೂ ಬೆರಳು ಮೊದಲೇ ಹಿಂದೆಳೆದುಕೊಂಡಳು, ನಾಳೆ ಮುಟ್ಟಿದರಾಯಿತು, ಮುಂದಿನ ಗುಳ್ಳೆಗೆ ಮುಟ್ಟಿದರಾಯಿತು, ಈಗ ಇಷ್ಟು ನೋಟವನ್ನೆಲ್ಲ ಮೈಮೇಲೆ ಹೊತ್ತುಕೊಂಡು ಅವನು ಹೊರಟಿದ್ದಾನೆ.

ಪೆನ್ಸಿಲ್ ಕೈಯಲ್ಲಿದೆ, ಯಾವಾಗ ಎತ್ತಿಕೊಂಡಳೋ, ಒಂದು ಸುತ್ತು, ಯಾರಿಗೂ ಗೊತ್ತಾಗುವುದಿಲ್ಲ — ಅವನಿಗೆ ಗೊತ್ತಾಗುತ್ತದೆ. ಹೆದರಿಕೆ ಆಗಲ್ವಾ, ಅವಳಾಗಿ ಕೇಳಿದ್ದು ಅದೊಂದೇ ಸಲ, ಪೊಳ್ಳು ಸಿಕ್ಕಿದ್ ತಕ್ಷಣ ಬೈರಿಗೆ ಹಗುರ ಆಗತ್ತೆ ಕಣ್ರೀ, ಕೈಗೆ ತಿಳಿಯತ್ತೆ, ಅಲ್ಲಿಗೆ ನಿಲ್ಸೋದು, ಅಕಸ್ಮಾತ್ ಏನಾದ್ರೂ ಆದ್ರೂ ಸದ್ದು ಕೇಳಿಸೋದು ನಿಮಗೇ, ನನಗಲ್ಲ ಬಿಡಿ. ಇಲ್ಲದ ಪೊಳ್ಳನ್ನು ಹುಡುಕಿಕೊಂಡು ಬೈರಿಗೆ ಒಳಗೆ ಹೋಗುತ್ತದೆ, ಇನ್ನೂ ಒಳಗೆ, ಹಗುರವಾಗುವುದಿಲ್ಲ, ಬೆನೀತಾ ತಪ್ಪುವವಳಲ್ಲ ಎಂದು ಅವನು ಇನ್ನೊಂದು ಚೂರು ಒತ್ತುತ್ತಾನೆ, ಗಟ್ಟಿ ಮದ್ದು, ಬಿಸಿಯೇರುವ ಉಕ್ಕು, ಇನ್ನೊಂದು ಚೂರು — ಪೆನ್ಸಿಲ್ ಇಟ್ಟಳು, ತೋರುಬೆರಳು ಮುಂದೆ ಬಂತು, ಒತ್ತಿತು, ಚುಕ್ಕೆ ಬೆರಳಿಗಂಟಿ ಎದ್ದು ಬಂತು. ಫಿಲಂ ತಿಳಿಯಾಗಿತ್ತು, ಮಳೆ ತೊಳೆದ ಆಕಾಶದಂತೆ, ಎಲ್ಲೂ ಏನೂ ಇಲ್ಲ, ಸರಿಯಾಗಿದೆ ಸಾರ್ ಎಂದಳು, ಅವಳದೇ ದನಿ, ಹಾಗಾದ್ರೆ ಇಷ್ಟೊತ್ತು ಏನು ಮಾಡ್ತಿದ್ದೆ ತಾಯಿ ಎನ್ನುತ್ತ ಕ್ರೌಚ್ ಫಿಲಂ ಕಿತ್ತುಕೊಂಡು ಹೋದ, ಅಂಗಳದಲ್ಲಿ ಕೂಗಿದ, ಲಾರಿಯ ಎಂಜಿನ್ ಕೆಮ್ಮಿತು. ಕಿಟಕಿಯಾಚೆ, ಲಾರಿಯ ಹಿಂಬದಿಯಲ್ಲಿ ಪೆಟ್ಟಿಗೆಗಳ ನಡುವೆ ವೆಂಡೆಲ್, ಈ ಕಡೆಗೇ ನೋಡುತ್ತ, ಅಂಗೈಯಿಂದ ಬಾಯಿ ಮುಚ್ಚಿ ಹಲ್ಲುನೋವಿನ ನಟನೆ ಮಾಡುತ್ತಿದ್ದಾನೆ, ಬಾಗಿಲವರೆಗೆ ಓಡಿದರೆ, ಓಡು, ಕಾಲು ಏಳಲಿಲ್ಲ, ಕೈ ಎದ್ದಿತು, ಬೆರಳು ಗಾಜಿನ ಮೇಲೆ, ಅವನ ಕೆನ್ನೆ ಇದ್ದ ಕಡೆಗೇ, ಮುಟ್ಟಿದೆ ಅಜ್ಜಿ, ಇದು ಲೆಕ್ಕಕ್ಕೆ ಬರುತ್ತದಾ, ಗಾಜು ತಣ್ಣಗಿತ್ತು, ಬೆರಳು ತೆಗೆದರೆ ಧೂಳಿನ ಕಣ ಅಲ್ಲೇ ಅಂಟಿ ಉಳಿದಿತ್ತು, ಕಣ್ಣು ತಾಗದಿರಲೆಂದು ಇಟ್ಟ ಬೊಟ್ಟಿನ ಹಾಗೆ ಅವನ ಕೆನ್ನೆಯ ಮೇಲೆ, ಒಂದು ಉಸಿರು, ಆಮೇಲೆ ಲಾರಿ ಅಲುಗಿತು, ಕೆನ್ನೆ ಅದರಡಿಯಿಂದ ಜಾರಿತು, ಆಮೇಲೆ ಹೆಗಲು, ಆಮೇಲೆ ಪೆಟ್ಟಿಗೆಗಳು, ಬೇಲಿ, ಕೆಂಪು ಧೂಳು, ಏನೂ ಇಲ್ಲದ ದಾರಿ, ದಾರಿಯ ಮೇಲೆ ಚುಕ್ಕೆ, ಕರಿ, ಎಳ್ಳು ಕಾಳಿನಷ್ಟು