ಹಾರ್ಲನ್ ಬಿಟ್ಟ ಪೈ, ಆರ್ಡಿಸ್ ನೋಡದ ಕಡಲು

೧

ಈ ಕಥೆಯನ್ನು ಎಲ್ಲಿಂದ ಹಿಡಿಯಲಿ? ಕಡಲಿನಿಂದ ಹಿಡಿದರೆ ಚೆಂದ, ಆದರೆ ಇದರಲ್ಲಿ ಕಡಲನ್ನು ಇನ್ನೂ ಯಾರೂ ನೋಡಿಲ್ಲ. ಬ್ಯಾಂಕಿನಿಂದ ಹಿಡಿದರೆ ನೀವು ಪುಟ ಮಗುಚುತ್ತೀರಿ. ‘ಮಿನೆಸೋಟಾದ ಹೊಲಗಳ ಮೇಲೆ ಭಾನುವಾರ ಬೆಳಗಾಯಿತು’ ಎಂದು ಬರೆದೆ. ಬೆಳಗಾಗುವುದಕ್ಕೆ ಕಥೆಗಾರನ ಅಪ್ಪಣೆ ಯಾಕೆ ಎನ್ನಿಸಿ ಹೊಡೆದುಹಾಕಿದೆ.

ಮನುಷ್ಯನಿಂದಲೇ ಹಿಡಿಯುತ್ತೇನೆ. ಅವನ ಹೆಸರು ವೆಂಡೆಲ್. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು, ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿದು ಸಾಲು ಸಾಲಿಗೆ ತಿರುಗುವವನು. ಅವನ ಹೆಂಡತಿ ಆರ್ಡಿಸ್ ಹುಟ್ಟಿದಾಗಿನಿಂದ ಕಡಲು ಕಂಡವಳಲ್ಲ. ಅವಳಿಗೆ ಕಡಲು ತೋರಿಸಬೇಕೆಂಬುದು ಅವನ ವ್ರತ. ವ್ರತಕ್ಕೆ ಬ್ಯಾಂಕಿನ ಒಂದು ಕ್ರೆಡಿಟ್ ಕಾರ್ಡು, ಲೋಹದ್ದು, ಮೇಜಿನ ಮೇಲೆ ಹಾಕಿದರೆ ಠಣ್ ಎನ್ನುತ್ತದೆ. ಉಜ್ಜಿದಷ್ಟೂ ಪಾಯಿಂಟು, ಪಾಯಿಂಟು ಕೂಡಿದರೆ ವಿಮಾನದ ಟಿಕೆಟ್ಟು.

(ಲೂಥರನ್ ಪಂಥದ ಕ್ರೈಸ್ತನಿಗೆ ವ್ರತವೇ ಎಂದು ಕೇಳಬೇಡಿ. ಹಟವೂ ಭಕ್ತಿಯೂ ಒಂದೇ ಒಲೆಯ ಮೇಲೆ ಬೇಯುವುದನ್ನು ನಾನು ಎಲ್ಲ ಕಡೆಯೂ ನೋಡಿದ್ದೇನೆ.)

೨

ಪ್ರಾರ್ಥನೆ ಮುಗಿದ ಮೇಲೆ ಗಂಡಸರೆಲ್ಲ ಲವೋನ್ ನಡೆಸುವ ಹೋಟೆಲಿನ ಕಿಟಕಿ ಮೇಜಿಗೆ ಬಂದು ಕೂರುತ್ತಾರೆ. ಕಾಫಿ, ರುಬಾರ್ಬ್ ಎಂಬ ಹುಳಿ ದಂಟು ತುಂಬಿ ಬೇಯಿಸಿದ ಸಿಹಿ ಪೈ, ಮಳೆ ಬಂತೇ ಹೋಯಿತೇ ಎಂಬ ಮಾತು. ಏಳುವ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ನೋಟನ್ನು ವೆಂಡೆಲ್‌ನತ್ತ ಸರಿಸುತ್ತಾರೆ. ಅವನು ಅಷ್ಟನ್ನೂ ಜೇಬಿಗಿಳಿಸಿ, ಇಡೀ ಮೇಜಿನ ಬಿಲ್ಲಿಗೆ ತನ್ನ ಕಾರ್ಡನ್ನು ಠಣ್ಣೆನಿಸುತ್ತಾನೆ. ಇದರಲ್ಲಿ ಮೋಸವೇನಿಲ್ಲ. ಬಿಲ್ಲು ಚುಕ್ತಾ, ಪಾಯಿಂಟು ಅವನಿಗೆ.

"ಉಜ್ಜಪ್ಪಾ ಉಜ್ಜು, ಆರ್ಡಿಸ್ ಕಾಲು ನೆನೀಲಿ," ಎಂದು ಹಾರ್ಲನ್ ನಗುತ್ತಿದ್ದ. ಹಾಲಿನ ಲಾರಿ ಓಡಿಸಿ ಬೆನ್ನು ಬಾಗಿಸಿಕೊಂಡ ಹಾರ್ಲನ್ ಆ ಮೇಜಿನ ಹಿರಿಯ. ವಾರವಿಡೀ ಡಬ್ಬಿಯ ಸೂಪು ಕುಡಿದು, ಭಾನುವಾರದ ಪೈಗಾಗಿ ಕಾಯುವವನು.

೩

ಕೊನೆಗೂ ಟಿಕೆಟ್ಟಿಗೆ ಸಾಲುವಷ್ಟು ಪಾಯಿಂಟಾಯಿತು. ಕಾದಿರಿಸಿದ್ದೂ ಆಯಿತು. ಅದರ ಮಾರನೆಯ ಭಾನುವಾರ ಹಾರ್ಲನ್ ಬರೀ ಕಾಫಿ ಹೇಳಿದ. ಪೈ ದರ ಮತ್ತೆ ಏರಿತ್ತು.

"ಯಾಕ್ರೀ ಹಾರ್ಲನ್, ಪೈ ಬೇಡ್ವಾ?" ಎಂದ ವೆಂಡೆಲ್.

"ಡಾಕ್ಟ್ರು ಸಕ್ರೆ ಬಿಡು ಅಂದಿದಾರಪ್ಪ," ಎಂದ ಹಾರ್ಲನ್, ಕಾಫಿಗೆ ಸಕ್ಕರೆ ಸುರಿಯುತ್ತಲೇ.

(ವೆಂಡೆಲ್ ನನ್ನ ಕೈ ಹಿಡಿದದ್ದು ಇಲ್ಲಿ. "ಸ್ವಾಮಿ, ನಾನು ಸುಮ್ನಿದ್ದೆ ಅಂತ ಬರೀರಿ." ನೀನು ಸುಮ್ಮನಿರಲಿಲ್ಲವಲ್ಲ ಎಂದೆ. "ಅದಕ್ಕೇ ಬೇಡ್ಕೋತಿರೋದು.")

ಸುಮ್ಮನಿರಲಿಲ್ಲ. ಇಡೀ ಹೋಟೆಲಿಗೆ ಕೇಳುವ ಹಾಗೆ ಕೂಗಿದ: "ಏ ಲವೋನ್! ಇದೇನಮ್ಮ ಅನ್ಯಾಯ? ರೇಟು ಏರಿಸಿ ಏರಿಸಿ ಹಾರ್ಲನ್ ಬಾಯಿಗೆ ಮಣ್ಣು ಹಾಕಿದ್ಯಲ್ಲ. ಸ್ವಲ್ಪನಾದ್ರೂ ದೇವರ ಭಯ ಇರ್ಲಿ!"

ಲವೋನ್ ಕಾಫಿ ಜಗ್ಗು ಹಿಡಿದು ಬಂದಳು. "ಬಿಡು ವೆಂಡೆಲ್."

"ಬಿಡಲ್ಲ. ಯಾವುದು ಜಾಸ್ತಿಯಾಯ್ತು ಹೇಳು. ಹಿಟ್ಟಾ? ಬೆಣ್ಣೆನಾ?"

"ಕಾರ್ಡು ಕಣೋ." ಅವಳು ದನಿ ತಗ್ಗಿಸಿದಳು. "ಉಜ್ಜಿದಾಗೆಲ್ಲ ಆ ಕಂಪನಿಯವರು ನನ್ ದುಡ್ಡಲ್ಲಿ ಒಂದು ಚೂರು ಮುರ್ಕೋತಾರೆ. ನಿನ್ನ ಠಣ್ ಅನ್ನೋದಿದೆಯಲ್ಲ, ಅಂಥದಕ್ಕೆ ದೊಡ್ಡ ಚೂರು."

"ನಂಗೆ ಪಾಯಿಂಟು ಕೊಡೋದು ಬ್ಯಾಂಕು!"

"ಬ್ಯಾಂಕಿಗೆ ಎಲ್ಲಿಂದ ಬಂತು? ಅದೇನು ಮೊಟ್ಟೆ ಇಡುತ್ತಾ?" ಯಾರೋ ಕಿಸಕ್ಕೆಂದರು. "ನನ್ ಹತ್ರ ಮುರ್ಕೊಂಡಿದ್ರಲ್ಲೇ ನಿಂಗಿಷ್ಟು ಹಂಚ್ತಾರೆ. ನಾನು ಎಲ್ಲಿಂದ ತುಂಬ್ಕೊಳ್ಳಿ? ಪೈ ಮೇಲೆ ಹಾಕ್ದೆ. ಅದು ಎಲ್ರ ತಟ್ಟೆಗೂ ಬಿತ್ತು. ನಿಂಗೆ ಹೇಳೋಣ ಅಂತಿದ್ದೆ. ಆರ್ಡಿಸ್ ಕಡಲು ನೋಡ್ಲಿ ಅಂತ ಇವ್ರೆಲ್ಲ ಅಷ್ಟು ಖುಷಿಯಾಗಿದ್ರು, ಬಾಯಿ ಬರ್ಲಿಲ್ಲ."

ಆಗ ಹಾರ್ಲನ್ ಎಂದ: "ಹಂಗಾದ್ರೆ ಆ ವಿಮಾನದ ಒಂದು ರೆಕ್ಕೆ ನಂದೇ ಕಣೋ!"

ತಮಾಷೆಗೇ ಅಂದದ್ದು. ಬೈದಿದ್ದರೆ ವೆಂಡೆಲ್ ತಿರುಗಿ ಬೈಯಬಹುದಿತ್ತು. ನಗುವ ಮುದುಕನಿಗೆ ಏನು ಹೇಳುವುದು? ಈಗಷ್ಟೇ ದೇವರಿಗೆಂದು ತಟ್ಟೆ ಹಿಡಿದು ಬಂದ ವೆಂಡೆಲ್‌ನ ಕೈ ಇಲ್ಲಿ ಗೆಳೆಯರು ಆಗಲೇ ಸರಿಸಿದ್ದ ನೋಟುಗಳ ಮೇಲಿತ್ತು. ಅದನ್ನು ಎತ್ತಲೂ ಆಗದೆ, ಅಲ್ಲೇ ಇಡಲೂ ಆಗದೆ ಕೂತ.

೪

ಮುಗಿಸುವುದು ಹೇಗೆ? ಕರಡುಗಳಿಗೆ ಬರವಿಲ್ಲ.

ಕರಡು ಒಂದು: ಟಿಕೆಟ್ಟು ರದ್ದು ಮಾಡಿ, ಪಾಯಿಂಟನ್ನು ಹಾರ್ಲನ್‌ಗೆ ಬರೆದುಕೊಡುತ್ತಾನೆ. ಕಂಪನಿಗೆ ಫೋನು ಮಾಡಿಸಿದೆ. "ಖಂಡಿತ ಕೊಡಬಹುದು ಸರ್, ಅದಕ್ಕೊಂದು ಶುಲ್ಕ ಇದೆ," ಎಂದಿತು ಜೇನಿನಂಥ ದನಿ. "ಶುಲ್ಕವನ್ನೂ ಕಾರ್ಡಲ್ಲೇ ಕಟ್ಟಿ, ಅದಕ್ಕೂ ಪಾಯಿಂಟು ಬರುತ್ತೆ." ಹರಿದುಹಾಕಿದೆ.

ಇನ್ನೊಂದು: ವೆಂಡೆಲ್ ಗುಟ್ಟಾಗಿ ಲವೋನ್‌ಗೆ ಹಾರ್ಲನ್‌ನ ಪೈ ದುಡ್ಡು ಕೊಟ್ಟು ಬರುತ್ತಾನೆ. ಇದು ನನಗೆ ಹಿಡಿಸಿತ್ತು. ವೆಂಡೆಲ್ ಒಪ್ಪಲಿಲ್ಲ. "ಆ ಮುದುಕಂಗೆ ಗೊತ್ತಾಗದೆ ಇರುತ್ತಾ? ಮತ್ತೆ ಡಾಕ್ಟ್ರ ಹೆಸರು ಹೇಳ್ತಾನೆ. ನನ್ ಮಾನ ಉಳಿಸೋಕೆ ಅವನ ಮಾನ ಕಳೀಬೇಕಾ?"

ಮೂರನೆಯದರಲ್ಲಿ ಪಾಯಿಂಟಿನ ಗೋಜೇ ಇಲ್ಲ, ಪ್ರಯಾಣ ನಿಲ್ಲಿಸುತ್ತಾನೆ ಅಷ್ಟೆ. ಬರೆಯುತ್ತಿದ್ದಂತೆ ಆರ್ಡಿಸ್ ಅಗಲ ಅಂಚಿನ ಹುಲ್ಲಿನ ಟೋಪಿ ಹಾಕಿಕೊಂಡು ಪಾತ್ರೆ ತೊಳೆಯಲು ನಿಂತಳು. (ಟೋಪಿಯನ್ನು ನಾನು ಕೊಡಿಸಲಿಲ್ಲ. ಕಡಲದಂಡೆಗೆಂದು ಅವಳೇ ತಂದುಕೊಂಡಿದ್ದಳು.) ಪೆನ್ನು ಮುಂದೆ ಹೋಗಲಿಲ್ಲ.

೫

ವೆಂಡೆಲ್ ಅದರ ಮುಂದಿನ ಭಾನುವಾರ ಹೋಟೆಲಿಗೆ ಹೋಗಲಿಲ್ಲ. ಗ್ಯಾರೇಜಿನಲ್ಲಿ ಕೂತ.

"ಮೈಗೆ ಹುಷಾರಿಲ್ವೇನೋ?" ಅಡುಗೆಮನೆಯಿಂದ ಆರ್ಡಿಸ್ ಕೂಗಿದಳು.

"ತಲೆನೋವು."

"ತಲೆನೋವು ಬಂದೋರು ಪೆಟ್ರೋಲ್ ವಾಸ್ನೆ ಕುಡೀತಾರಾ? ಒಳಗ್ ಬಾ. ನೀನು ಹಿಂಗೆ ಮುಖ ಊದಿಸ್ಕೊಂಡಿದ್ರೆ ನಾನು ಕಡಲು ನೋಡ್ಲೋ ನಿನ್ ಮುಖ ನೋಡ್ಲೋ?"

ಅವನು ನನ್ನ ಕಡೆ ತಿರುಗಿದ. "ಒಂದು ಪ್ರಾರ್ಥನೆ ಬರೆದು ಬಿಡುಗಡೆ ಮಾಡಿ ಸ್ವಾಮಿ. ದೇವರು ಕ್ಷಮಿಸ್ದ ಅಂತ."

ಕ್ಷಮಿಸುತ್ತಾನೆ, ನನಗೆ ಅನುಮಾನವಿಲ್ಲ. ಆದರೆ ಪೈ ಬಿಟ್ಟವನು ದೇವರಲ್ಲವಲ್ಲ, ಎಂದೆ.

ನನಗೇ ಮರುಕ ಹುಟ್ಟಿ, ಹೆಂಡತಿಗೆ ಹೇಳಲೆಂದು ಒಂದು ಮಾತು ಬರೆದುಕೊಟ್ಟೆ: ‘ಆರ್ಡಿಸ್, ನಾನು ನಿನಗೆ ಕಡಲು ಕೊಡಲು ಹೋಗಿ ಇತರರ ತಟ್ಟೆಗೆ ಕೈ ಹಾಕಿದೆ.’ ಅವನು ಎರಡು ಸಲ ಓದಿದ.

"ತುಂಬ ಚೆನ್ನಾಗಿದೆ. ಇಷ್ಟು ಚೆನ್ನಾಗಿ ಹೇಳಿದ್ರೆ ಅವಳು ನಂಬಲ್ಲ. ನಂಗೆ ಬಂದಂಗೆ ಹೇಳ್ತೀನಿ. ಹೇಳಿದ್ಮೇಲೆ ಹೋಗೋದೋ ಬಿಡೋದೋ, ಅದನ್ನ ಅವಳು ಹೇಳ್ಬೇಕು. ನೀವಲ್ಲ, ನಾನೂ ಅಲ್ಲ. ನೀವು ಬರಬೇಡಿ."

ಎದ್ದ. ಅಡುಗೆಮನೆಯ ಬಾಗಿಲು ತಳ್ಳಿದ. ಒಳಗೆ ನಲ್ಲಿ ನಿಂತ ಸದ್ದು ಕೇಳಿತು. ಅವಳು ಕೈ ಒರೆಸಿಕೊಳ್ಳುತ್ತಿರಬೇಕು.

ಅವಳು ಏನೆನ್ನುತ್ತಾಳೋ ನಾನು ಬರೆಯಲಾರೆ. ಗಂಡನೊಬ್ಬ ಹೆಂಡತಿಯೆದುರು ತಲೆ ತಗ್ಗಿಸುವ ಹೊತ್ತಿನಲ್ಲಿ ಹೊಸ್ತಿಲ ಮೇಲೆ ನಿಂತು ನೋಡುವುದು ತರವಲ್ಲ. ನಾನು ಬೆನ್ನು ತಿರುಗಿಸಿದ್ದೇನೆ. ನೀವೂ ತಿರುಗಿಕೊಳ್ಳಿ.