ಇಸ್ತ್ರಿಯಮ್ಮನ ಸಾಕ್ಷಿ

ಪಾದ್ರಿಗಳು ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು, ಆ ಜಾಗಕ್ಕೆ ಸ್ಪೀಕರಿನ ಪ್ಲಗ್ ಚುಚ್ಚಿದರು. ಅದು ನಿಲ್ಲದೆ ಜಾರಿ ಕೆಳಗೆ ಬಿತ್ತು. ಮತ್ತೆ ಚುಚ್ಚಿದರು, ಮತ್ತೆ ಬಿತ್ತು.

"ಬಾರಮ್ಮ ಇಲ್ಲಿ. ನೀನು ಈ ಮನೇಲೇ ಇದ್ದವಳು. ಇಸ್ತ್ರಿಯಮ್ಮ ಇದನ್ನ ಹೇಗೆ ನಿಲ್ಲಿಸ್ತಾ ಇದ್ರು?"

ಹುಡುಗಿ ಊರಿನವರ ಬಟ್ಟೆಗಳ ಗಂಟನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಸಂದಿಗೊಂದು ರಟ್ಟಿನ ಚೂರು ಸಿಗಿಸಿದರೆ ಪ್ಲಗ್ ಕದಲದೆ ಕೂರುತ್ತದೆ. ಆ ಚೂರು ಕಿಟಕಿಯ ಮೇಲೇ ಇತ್ತು, ಪಾದ್ರಿಗಳ ಮೊಣಕೈಗೆ ತಾಗುವಷ್ಟು ಹತ್ತಿರ.

"ಗೊತ್ತಿಲ್ಲ," ಎಂದಳು.

ಸಮುದ್ರ ದಾಟಿ ಈ ದೇಶಕ್ಕೆ ಸುವಾರ್ತೆ ಸಾರಲು ಬಂದವಳು ಹೆಣದ ಮುಂದೆ ನಿಂತು ಸುಳ್ಳು ಹೇಳಿದಳು. ಹೇಳಿ ಕಿವಿಯವರೆಗೂ ಕೆಂಪಾದಳು.

ಇಸ್ತ್ರಿಯಮ್ಮನನ್ನು ಅಂಗಡಿಯ ಉದ್ದನೆಯ ಮೇಜಿನ ಮೇಲೇ ಮಲಗಿಸಿದ್ದರು. ಮನೆಯಲ್ಲಿ ಅಷ್ಟು ಉದ್ದದ ಜಾಗ ಬೇರೆ ಎಲ್ಲೂ ಇರಲಿಲ್ಲ. ಮೇಜಿಗೆ ಹಾಸಿದ್ದ ಕಂಬಳಿಯಲ್ಲಿ ಅಲ್ಲಲ್ಲಿ ಕಂದು ಬಣ್ಣದ ಸುಟ್ಟ ಗುರುತುಗಳು. ತಲೆಯ ಕಡೆ ಮಗಳು ನಿಂತಿದ್ದಳು. ಅವಳು ಊರ ಬಸ್ಸು ಓಡಿಸುವವಳು, ಇರುವುದು ಡಿಪೋ ಹತ್ತಿರದ ಕೋಣೆಯಲ್ಲಿ. ಸುದ್ದಿ ಬಂದಾಗ ಬಸ್ಸಿನಲ್ಲೇ ಇದ್ದಳು, ಇನ್ನೂ ಖಾಕಿ ಅಂಗಿ ಬದಲಿಸಿರಲಿಲ್ಲ. ತಾಯಿಯ ಕೂದಲನ್ನು ಒಂದೊಂದೇ ಎಳೆಯಾಗಿ ಬಿಡಿಸುತ್ತಿದ್ದಳು. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಆಯುಷ್ಯಪೂರ್ತಿ ನಿಂತೇ ಕಳೆದಳು ಮಹರಾಯ್ತಿ," ಎಂದ ಬಾಗಿಲ ಬಳಿ ಕೂತಿದ್ದ ಚಪ್ಪಲಿ ತಾತ. ಅವನ ಅಂಗಡಿ ಪಕ್ಕದ್ದೇ. "ಹಗಲು ಹೊತ್ತಲ್ಲಿ ಇವಳು ಮಲಗಿದ್ದನ್ನ ನಾನು ಇವತ್ತೇ ನೋಡಿದ್ದು. ಗಿರಾಕಿ ಯಾರಾದ್ರೂ ಬಂದ್ರೆ ಎದ್ದು ಕೂತುಬಿಡ್ತಾಳೆ, ಹುಷಾರು."

ಒಬ್ಬಿಬ್ಬರು ನಕ್ಕರು. ತಾತ ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡ.

ಪಾದ್ರಿಗಳು ಮಗಳ ಹತ್ತಿರ ಹೋಗಿ ಮೆಲ್ಲಗೆ ಹೇಳಿದರು. "ಒಯ್ಯೋದಕ್ಕೆ ಮುಂಚೆ ನಿಮ್ಮ ತಾಯಿಯ ಸಾಕ್ಷಿ ಹಾಕೋಣ ಅಂತ ಇದ್ದೀವಿ ತಾಯಿ. ನಂಬಿಕೆಗೆ ಹೇಗೆ ಬಂದ್ರು ಅಂತ ಅವರೇ ಹೇಳಿರೋದು, ಫೋನಲ್ಲಿ ಹಿಡಿದಿದ್ದೀವಿ. ಅವರ ದನಿಯಲ್ಲೇ ಕೇಳಿದ್ರೆ ನಿಮಗೂ ಸಮಾಧಾನ."

ಮಗಳ ಬೆರಳುಗಳು ಕೂದಲಲ್ಲೇ ನಿಂತವು.

*

ಹುಡುಗಿ ಈ ಊರಿಗೆ ಬಂದಾಗ ಅವಳ ಹತ್ತಿರ ಒಂದು ಪೆಟ್ಟಿಗೆ, ಪುಸ್ತಕದಿಂದ ಕಲಿತ ಒಂದಿಷ್ಟು ಭಾಷೆ, ಮತ್ತು ಇಡೀ ಬೀದಿಯನ್ನೇ ದೇವರ ಕಡೆಗೆ ತಿರುಗಿಸಿಬಿಡುವೆನೆಂಬ ಹುಮ್ಮಸ್ಸು ಇದ್ದವು. ಬಾಡಿಗೆಗೆ ಸಿಕ್ಕಿದ್ದು ಇಸ್ತ್ರಿ ಅಂಗಡಿಯ ಮೇಲಿನ ಕೋಣೆ. ಕೆಳಗಿನ ಬಿಸಿ ಮೇಲಕ್ಕೇರಿ ಅದರ ನೆಲ ಸದಾ ಬೆಚ್ಚಗಿರುತ್ತಿತ್ತು. ಬೆಳಗ್ಗೆ ಎದ್ದು ಆ ಬೆಚ್ಚನೆಯ ನೆಲದ ಮೇಲೆ ಮಂಡಿಯೂರಿ ಪ್ರಾರ್ಥನೆ ಮಾಡಿ, ಬ್ರೆಡ್ಡು ತಿಂದು, ಚೀಲ ಹೆಗಲಿಗೇರಿಸಿ ಬಾಗಿಲು ತಟ್ಟಲು ಹೊರಡುತ್ತಿದ್ದಳು.

ಬಾಗಿಲುಗಳು ಒಂದೊಂದು ಥರ. ಕೆಲವು ತೆರೆಯುತ್ತಲೇ ಇರಲಿಲ್ಲ. ಕೆಲವು ಒಳಗಿನ ಸರಪಳಿ ಬಿಟ್ಟಷ್ಟೇ ತೆರೆದು ಮುಚ್ಚಿಕೊಳ್ಳುತ್ತಿದ್ದವು. ಒಬ್ಬಾಕೆ ನಗುನಗುತ್ತಾ ಒಳಗೆ ಕರೆದು, ಇವಳ ಮಾತೆಲ್ಲ ಕೇಳಿ, "ಅದಿರಲಿ, ಮಿಕ್ಸಿ ರಿಪೇರಿ ಎಷ್ಟು ಹೊತ್ತಿಗೆ ಮಾಡ್ತೀಯ?" ಅಂದಿದ್ದಳು. ಟೈರ್ ಅಂಗಡಿಯ ಮೇಲಿನ ಬಾಡಿಗೆ ಹಾಲಿನಲ್ಲಿ ವಾರದ ಸಭೆ. ಬರುತ್ತಿದ್ದವರು ಪಾದ್ರಿಗಳು, ಪಾದ್ರಿಗಳ ಹೆಂಡತಿ, ಇವಳು, ಮತ್ತು ನೆರಳಿಗೆಂದು ಬಂದು ಕೂರುತ್ತಿದ್ದ ಒಬ್ಬ ಕಾವಲುಗಾರ. ಸಂಜೆ ಕಾಲೆಳೆದುಕೊಂಡು ಬಂದರೆ ಅಂಗಡಿಯಲ್ಲಿ ಇಸ್ತ್ರಿಯಮ್ಮ ಕೇಳುತ್ತಿದ್ದಳು.

"ಏನಮ್ಮಾ ಮಗೂ, ಇವತ್ತು ಯಾರಾದ್ರೂ ಸಿಕ್ಕಿದ್ರಾ?"

"ಇಲ್ಲಮ್ಮ. ಒಬ್ಬರೂ ಸ್ವೀಕರಿಸಲಿಲ್ಲ."

"ಸ್ವೀಕರಿಸೋದು ಗೀಕರಿಸೋದು ಅಂತ ಮಾತಾಡಿದ್ರೆ ಇನ್ನೇನಾಗುತ್ತೆ? ಪೋಸ್ಟ್ ಆಫೀಸಿಂದ ಬಂದವಳ ಥರ. ಕೂತ್ಕೋ. ಬಾಗಿಲು ತೆಗೆದ ತಕ್ಷಣ ದೇವರ ಸುದ್ದಿ ಎತ್ತಬೇಡ. ಊಟ ಆಯ್ತಾ ಅಂತ ಕೇಳು."

ಭಾಷೆ ಕಲಿಸಿದವಳು ಅವಳು. ಜ್ವರ ಬಂದಾಗ ಗಂಜಿ ಕುಡಿಸಿದವಳು ಅವಳು. ಅಮ್ಮನ ನೆನಪಾಗಿ ಹುಡುಗಿ ಮೆಟ್ಟಿಲ ಮೇಲೆ ಕೂತು ಅತ್ತಾಗ ಏನೂ ಕೇಳದೆ, ಬಿಸಿಬಿಸಿ ದುಪ್ಪಟಿಯೊಂದನ್ನು ತಂದು ಹೊದಿಸಿ ಹೋದವಳೂ ಅವಳೇ. ಆಮೇಲೊಂದು ದಿನ ಸಭೆಗೆ ತಾನೇ ಬಂದಳು. ಹಾಡು ಹಿಡಿಸಿತು. ದೇವರ ಜೊತೆ ಮಾತಾಡುವುದು ಇನ್ನೂ ಹಿಡಿಸಿತು. ಬಟ್ಟೆಗೆ ಇಸ್ತ್ರಿ ಹಾಕುತ್ತಾ "ಸ್ವಾಮಿ, ಇದು ರೇಷ್ಮೆ, ಪರರದ್ದು, ಕೈ ನಡುಗ್ತಿದೆ, ನೋಡ್ಕೋ" ಎಂದು ಬೇಡಿಕೊಳ್ಳುವುದನ್ನು ಹುಡುಗಿ ಎಷ್ಟೋ ಸಲ ಕೇಳಿದ್ದಳು. ತನ್ನ ಪ್ರಾರ್ಥನೆಗಿಂತ ಅದು ಬೇಗ ತಲುಪುತ್ತದೆ ಎಂದು ಅನಿಸಿದ್ದೂ ಉಂಟು.

ಆಗಲೇ ಹುಡುಗಿಯನ್ನು ಇಲ್ಲಿಗೆ ಕಳಿಸಿದ ಸಭೆಯ ಹಿರಿಯರು ನೋಡಲು ಬರುತ್ತಾರೆಂದು ಸುದ್ದಿ ಬಂತು. "ಒಂದು ಒಳ್ಳೇ ಸಾಕ್ಷಿ ಇರಲಿ," ಎಂದರು ಪಾದ್ರಿಗಳು. ಸಾಕ್ಷಿಗೊಂದು ಕ್ರಮವಿತ್ತು. ಮೊದಲು ಕತ್ತಲೆ ಹೇಳಬೇಕು, ಆಮೇಲೆ ಬೆಳಕು. ಹುಡುಗಿ ಅದನ್ನೇ ಇಸ್ತ್ರಿಯಮ್ಮನಿಗೆ ಕಲಿಸಲು ಕೂತಳು.

"ಕತ್ತಲೆ ಅಂದ್ರೆ? ಕರೆಂಟ್ ಹೋಗಿದ್ದಾ?"

"ಅಲ್ಲಮ್ಮ. ದೇವರು ಗೊತ್ತಾಗೋದಕ್ಕೆ ಮುಂಚಿನ ನಿಮ್ಮ ಬದುಕು. ದುಃಖ, ಒಂಟಿತನ..."

"ಗಂಡ ಸತ್ತಾಗ ದುಃಖ ಆಯ್ತಪ್ಪ. ಆಮೇಲೆ ಅವನ ಗೊರಕೆ ಇಲ್ದೆ ನಿದ್ದೆ ಚೆನ್ನಾಗಿ ಬಂತು. ಅದನ್ನ ಹೇಳ್ಲಾ?"

"ಅದು ಬೇಡ. ಹೀಗೆ ಹೇಳಿ. 'ಈ ಹುಡುಗಿ ಬರೋ ತನಕ ನನಗೆ ಯಾರೂ ಇರಲಿಲ್ಲ.'"

ಇಸ್ತ್ರಿಯಮ್ಮ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ಅದು ಹೆಂಗೆ ಹೇಳ್ಲಿ? ನನ್ನ ಮಗಳಿದ್ದಾಳಲ್ಲ."

ಹಾಗೆಂದು ಮಗಳ ಬಗ್ಗೆ ಏನೇನೋ ಹೇಳುತ್ತಾ ಹೋದಳು. ಹುಡುಗಿ ಫೋನು ಹಿಡಿದು, ಬೆಳಕು ಹೋಗುತ್ತಿದೆಯಲ್ಲಾ ಎಂದು ಚಡಪಡಿಸುತ್ತಿದ್ದಳು.

"ಅಮ್ಮ, ಮಗಳ ವಿಷಯ ಬಿಡಿ. ಉದ್ದ ಆಗುತ್ತೆ. ಇದು ಸುಮ್ಮನೆ ಹೇಳೋ ರೀತಿ ಅಷ್ಟೆ. ನನಗೋಸ್ಕರ."

ಆ ಕೊನೆಯ ಮಾತಿಗೆ ಇಸ್ತ್ರಿಯಮ್ಮ ಸೋತಳು. ಸೆರಗಿನಿಂದ ಮುಖ ಒರೆಸಿಕೊಂಡು, ಶಾಲೆಯ ಮಗುವಿನಂತೆ ನೆಟ್ಟಗೆ ನಿಂತು, ಹೇಳಿಕೊಟ್ಟಿದ್ದನ್ನು ಹೇಳಿದಳು. ಹೇಳುವಾಗ ಕಣ್ಣಲ್ಲಿ ನೀರೂ ಬಂತು. ಹುಡುಗಿಯ ಊರಿನ ಸಭೆಯಲ್ಲಿ ಅದನ್ನು ದೊಡ್ಡ ಪರದೆಯ ಮೇಲೆ ತೋರಿಸಿದಾಗ ಎಲ್ಲರೂ ಅತ್ತರಂತೆ. ಅವಳ ತಾಯಿ ಫೋನು ಮಾಡಿ, "ನಿನ್ನ ಹೆತ್ತಿದ್ದು ಸಾರ್ಥಕ ಆಯ್ತು" ಎಂದಳು. ಅವತ್ತು ಹುಡುಗಿ ಬೆಚ್ಚನೆಯ ನೆಲದ ಮೇಲೆ ಮಂಡಿಯೂರಿ ದೇವರಿಗೆ ವಂದನೆ ಹೇಳಿದ್ದಳು.

*

ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಬಂದವರಿಗೆ ಚಹಾ ಕುದಿಯುತ್ತಿತ್ತು. ಮಗಳು ಒಳಬಂದು ಬಾಗಿಲು ಎಳೆದುಕೊಂಡಳು.

"ತಂಗೀ, ನಿಮ್ಮ ಪಾದ್ರಿಗಳಿಗೆ ಒಂದು ಮಾತು ಹೇಳ್ತೀಯಾ? ಅದನ್ನ ಹಾಕೋದು ಬೇಡ."

ಹುಡುಗಿ ಸೌಟು ಕೆಳಗಿಟ್ಟಳು.

"ನಾನು ಅದನ್ನ ನೋಡಿದ್ದೀನಿ," ಎಂದಳು ಮಗಳು. "ಡಿಪೋದಲ್ಲಿ ನಮ್ಮ ಕಂಡಕ್ಟರ್ ಅವನ ಫೋನಲ್ಲಿ ತೋರಿಸಿದ. 'ಅಕ್ಕಾ, ನಿಮ್ಮಮ್ಮ ಫೇಮಸ್ ಆಗೋದ್ರು' ಅಂತ. ಸುತ್ತ ಎಲ್ಲರೂ ಇದ್ರು. ನಾನೂ ಹಲ್ಲು ಕಿರಿದೆ. ಏನ್ ಮಾಡ್ಲಿ ಮತ್ತೆ?" ಒಂದು ಲೋಟ ಎತ್ತಿಕೊಂಡು ಒಳಗೆ ಇಣುಕಿ ನೋಡಿ ಮತ್ತೆ ಇಟ್ಟಳು. "ಅಪ್ಪ ಹೋದಾಗಿಂದ ಇವಳಿಗೆ ನಾನು, ನನಗೆ ಇವಳು ಅಂದ್ಕೊಂಡಿದ್ದೆ. ಮದುವೆ ಗಿದುವೆ ಅಂತಾನೂ ಹೋಗ್ಲಿಲ್ಲ. ಅವಳು ನೋಡಿದ್ರೆ ಯಾರೂ ಇರ್ಲಿಲ್ಲ ಅಂತಾಳೆ. ಅಳ್ತಾ ಬೇರೆ ಹೇಳ್ತಾಳೆ. ಕೇಳೋಣ ಅಂತ ಎಷ್ಟು ಸಲ ಬಂದೆ. ಬಾಯೇ ಬರ್ಲಿಲ್ಲ. ಕೇಳಿ, ಅವಳು 'ಹೌದು' ಅಂದ್ಬಿಟ್ರೆ?"

ಚಹಾ ಉಕ್ಕಿತು. ಹುಡುಗಿ ಒಲೆ ಆರಿಸಲು ತಿರುಗಿದಳು. ತಿರುಗಲು ಅದೊಂದು ನೆಪ ಸಿಕ್ಕಿದ್ದಕ್ಕೆ ಒಳಗೊಳಗೇ ಸಮಾಧಾನಪಟ್ಟಳು.

"ಹೇಳ್ತೀನಿ ಅಕ್ಕ," ಎಂದಳು.

ಪಾದ್ರಿಗಳು ತಕ್ಷಣ ಒಪ್ಪಿದರು. "ಪಾಪ, ತಾಯಿ ದನಿ ಕೇಳೋ ಶಕ್ತಿ ಇರಲ್ಲ ಈಗ," ಎಂದು ಸ್ಪೀಕರಿನ ತಂತಿ ಸುತ್ತತೊಡಗಿದರು. ಇಷ್ಟು ಸುಲಭವಾಗಿ ಮುಗಿದೇಹೋಯಿತೇ ಎಂದು ಹುಡುಗಿಗೆ ಉಸಿರು ಬಂತು. ಇನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳಬೇಕಾಗಿಲ್ಲ.

ಆದರೆ ಮಗಳು ಹತ್ತಿರ ಬಂದು ಅವಳ ಕೈ ಹಿಡಿದುಕೊಂಡಳು. ಸ್ಟೀರಿಂಗ್ ಹಿಡಿದು ಗಟ್ಟಿಯಾದ ಅಂಗೈ. "ಉಪಕಾರ ಆಯ್ತು ತಂಗಿ. ನಿನ್ನ ಮೇಲೆ ನನಗೇನೂ ಇಲ್ಲ. ನನ್ನ ಕೈಲಿ ಆಗದೇ ಇದ್ದಿದ್ದು ನಿನ್ನ ಕೈಲಿ ಆಯ್ತು. ಅವಳಿಗೆ ಕೊನೆಗೆ ನೀನೊಬ್ಬಳಾದ್ರೂ ಸಿಕ್ಕಿದೆಯಲ್ಲ."

*

ಇಸ್ತ್ರಿಯಮ್ಮ ತೀರಿಕೊಳ್ಳುವುದಕ್ಕೆ ಕೆಲವು ದಿನ ಮುಂಚೆ ಒಂದು ಮಧ್ಯಾಹ್ನ ಹುಡುಗಿಯನ್ನು ಕೇಳಿದ್ದಳು.

"ಮಗೂ, ನನ್ನ ಮಗಳಿಗೆ ಏನಾಗಿದೆ? ಬರ್ತಾಳೆ, ಮಾತ್ರೆ ಇಡ್ತಾಳೆ, ಹೋಗ್ತಾಳೆ. ಮೊದಲು ಕಿವಿ ತೂತು ಬೀಳೋಷ್ಟು ಮಾತಾಡೋಳು. ನಿನ್ನ ಹತ್ರ ಏನಾದ್ರೂ ಅಂದ್ಲಾ?"

"ಇಲ್ಲಮ್ಮ. ಕೆಲಸದ ಆಯಾಸ ಇರಬೇಕು."

"ನಾನೇ ಏನೋ ಅಂದಿರ್ಬೇಕು. ಎಷ್ಟು ಯೋಚಿಸಿದ್ರೂ ಏನಂತ ಹೊಳೀತಿಲ್ಲ."

"ಬನ್ನಿ, ಪ್ರಾರ್ಥನೆ ಮಾಡೋಣ," ಎಂದಿದ್ದಳು ಹುಡುಗಿ. ಇಬ್ಬರೂ ಮೇಜಿನ ಆಚೀಚೆ ನಿಂತು ಕಣ್ಣು ಮುಚ್ಚಿದ್ದರು. ಅಕ್ಕನ ಮನಸ್ಸಿನ ಗಂಟನ್ನು ಬಿಚ್ಚು ತಂದೆಯೇ ಎಂದು ಹುಡುಗಿ ಬಲು ಚೆನ್ನಾಗಿ, ತಡವರಿಸದೆ, ಈ ನಾಡಿನ ಮಾತಿನಲ್ಲೇ ಬೇಡಿದ್ದಳು. ಇಸ್ತ್ರಿಯಮ್ಮ ಕಣ್ಣೊರೆಸಿಕೊಂಡು, "ಮಾತು ಎಷ್ಟು ಚೆಂದ ಬಂತು ನೋಡು ನಿಂಗೆ," ಎಂದು ಮೆಚ್ಚಿಕೊಂಡಿದ್ದಳು.

*

ಶವಪೆಟ್ಟಿಗೆ ಬಂತು. ನಾಲ್ಕು ಜನ ಸೇರಿ ಇಸ್ತ್ರಿಯಮ್ಮನನ್ನು ಮೇಜಿನಿಂದ ಎತ್ತಿ ಅದರೊಳಗೆ ಮಲಗಿಸಿದರು. ಬಡಗಿ ಮುಚ್ಚಳ ಎತ್ತಿಕೊಂಡು ಒಂದು ಪಕ್ಕ ನಿಂತ. ಪಾದ್ರಿಗಳು ಕೊನೆಯ ಪ್ರಾರ್ಥನೆ ಮುಗಿಸಿ, "ಯಾರಾದ್ರೂ ಏನಾದ್ರೂ ಹೇಳೋದಿದ್ರೆ..." ಎಂದು ರೂಢಿಯ ಮಾತು ಹೇಳಿ, ಬಡಗಿಗೆ ಸನ್ನೆ ಮಾಡಲು ಕೈ ಎತ್ತಿದರು.

"ಅಕ್ಕ, ಅದು ಅಮ್ಮನ ಮಾತಲ್ಲ," ಎಂದಳು ಹುಡುಗಿ.

ಎಲ್ಲರೂ ತಿರುಗಿದರು.

"ಯಾರೂ ಇರಲಿಲ್ಲ ಅಂದಿದ್ದು. ನಾನು ಹೇಳಿಕೊಟ್ಟೆ. ಅಮ್ಮ ಹೇಳಲ್ಲ ಅಂದ್ರು. ಮಗಳಿದ್ದಾಳೆ ಅಂದ್ರು. ನಾನು ಬಿಡಿ ಅಂದೆ. ಉದ್ದ ಆಗುತ್ತೆ ಅಂದೆ." ಕಲಿತ ಭಾಷೆಯೆಲ್ಲ ಎಲ್ಲಿಗೋ ಓಡಿಹೋಗಿ ಚಿಕ್ಕ ಚಿಕ್ಕ ಮಾತುಗಳಷ್ಟೇ ಉಳಿದಿದ್ದವು. "ನೀವು ಯಾಕೆ ಮಾತಾಡಲ್ಲ ಅಂತ ಅಮ್ಮ ನನ್ನ ಕೇಳಿದ್ರು. ಅವರಿಗೆ ಕೊನೇ ತನಕ ಗೊತ್ತಾಗಲಿಲ್ಲ."

"ಅಮ್ಮಾ, ಇದೆಲ್ಲ ಆಮೇಲೆ," ಎಂದು ಪಾದ್ರಿಗಳು ಅವಳ ತೋಳು ಹಿಡಿಯಲು ಬಂದರು.

"ಬಿಡ್ರೀ ಅವಳನ್ನ," ಎಂದ ಚಪ್ಪಲಿ ತಾತ, ಕೂತಲ್ಲಿಂದಲೇ.

ಮಗಳು ಹುಡುಗಿಯ ಎದುರಿಗೆ ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡಳು ಹುಡುಗಿ. ಹೊಡೆದರೆ ಒಳ್ಳೆಯದು ಎಂದೂ ಅಂದುಕೊಂಡಳು.

"ಏನಂದ್ಲು?" ಎಂದಳು ಮಗಳು. "ಮಗಳಿದ್ದಾಳೆ ಅಂದಮೇಲೆ ಏನಂದ್ಲು? ನೀನು ಬಿಡು ಅಂದ ಮಾತು ಯಾವುದು? ಅವಳು ಹೇಳಿದ ಹಾಗೇ ಹೇಳು."

ಹುಡುಗಿ ನೆನಪಿಗೆ ತಡಕಾಡಿದಳು. ಅವತ್ತು ಅವಳು ಕೇಳಿಸಿಕೊಂಡೇ ಇರಲಿಲ್ಲ, ಬೆಳಕು ನೋಡುತ್ತಿದ್ದಳು. ಕಿವಿಗೆ ಬಿದ್ದು ಮೂಲೆಯಲ್ಲಿ ಉಳಿದಿದ್ದನ್ನು ಈಗ ಒಂದೊಂದಾಗಿ ಎತ್ತಬೇಕಾಯಿತು.

"ನನ್ನ ಮಗಳು... ದಿನಾ ಸಂಜೆ ಬಸ್ಸು ಈ ಬೀದಿಗೆ ಬಂದಾಗ ಹಾರ್ನ್ ಹೊಡೀತಾಳೆ. ಎರಡು ಸಲ. ಪೊಲೀಸರು ಬೈದ್ರೂ ಬಿಡಲ್ಲ. ಅದು ಕೇಳಿದ ಮೇಲೇ ನಾನು ಇಸ್ತ್ರಿ ಆರಿಸೋದು. ಹಂಗಿರುವಾಗ ಯಾರೂ ಇಲ್ಲ ಅಂದ್ರೆ ನಾಲಿಗೆ ಬಿದ್ದುಹೋಗುತ್ತೆ."

ಯಾರೋ ಬಾಯಿಗೆ ಸೆರಗು ಅಡ್ಡ ಹಿಡಿದರು.

"ನಿಲ್ಲಿಸಿದ್ದೆ," ಎಂದಳು ಮಗಳು. ಹುಡುಗಿಗಲ್ಲ, ಪೆಟ್ಟಿಗೆಗೆ ಹೇಳಿದಂತೆ. "ಅದನ್ನ ನೋಡಿದಾಗಿಂದ ಹಾರ್ನ್ ಹೊಡೆಯೋದು ನಿಲ್ಲಿಸಿದ್ದೆ." ಆಮೇಲೆ ತಲೆ ಎತ್ತಿದಳು. ಈಗ ಅವಳ ಬಾಯಲ್ಲಿ ತಂಗಿ ಎಂಬ ಮಾತಿರಲಿಲ್ಲ. "ಹಂಗಾದ್ರೆ ಆಮೇಲೆ ಯಾವಾಗ ಆರಿಸ್ತಿದ್ಲು?"

ಹುಡುಗಿಗೆ ಉತ್ತರ ಗೊತ್ತಿತ್ತು. ಈ ಸಲ ಗೊತ್ತಿಲ್ಲ ಎನ್ನಲಾಗಲಿಲ್ಲ.

"ಆರಿಸ್ತಿರಲಿಲ್ಲ. ಬಟ್ಟೆ ಎಲ್ಲಾ ಮುಗಿದಿದ್ರೂ ಹಾಗೇ ನಿಂತಿರ್ತಿದ್ರು. ನಾನೇ ಕೆಳಗೆ ಬಂದು ಆರಿಸ್ತಿದ್ದೆ. ಕರೆಂಟು ದಂಡ ಅಂತ ಬೈತಿದ್ದೆ."

ಮಗಳು ಪೆಟ್ಟಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ತಾಯಿಯ ಮುಖದ ಹತ್ತಿರಕ್ಕೆ ಬಗ್ಗಿದಳು.

"ಇನ್ನೊಂದ್ಸಲ ಹೇಳು," ಎಂದಳು. "ಅವಳು ಹೇಳಿದ್ದು. ಜೋರಾಗಿ."

ಹುಡುಗಿ ಹೇಳಿದಳು. ಸರಿಯಾಗಿ ಬರಲಿಲ್ಲ, ನಡುವೆ ಒಂದು ಮಾತು ಬಿಟ್ಟುಹೋಯಿತು.

"ಇನ್ನೊಂದ್ಸಲ."

ಮರದ ಮುಚ್ಚಳದ ಭಾರಕ್ಕೆ ಬಡಗಿಯ ತೋಳು ನಡುಗುತ್ತಿತ್ತು. ಕೆಳಗಿಡಲೇ ಎಂಬಂತೆ ಅವನು ಪಾದ್ರಿಗಳ ಕಡೆ ನೋಡಿದ, ತಾತನ ಕಡೆ ನೋಡಿದ. ಯಾರೂ ಅವನ ಕಡೆ ನೋಡಲಿಲ್ಲ. ಅವನು ಅದನ್ನು ಎದೆಗಾನಿಸಿಕೊಂಡು ನಿಂತೇ ಇದ್ದ. ಹುಡುಗಿ ಮತ್ತೆ ಮೊದಲಿನಿಂದ ಶುರುಮಾಡಿದಳು.

"ನನ್ನ ಮಗಳು..."