ಅಂಗಾತ ಇಟ್ಟ ಹೆಲ್ಮೆಟ್ಟುಗಳು

ಯಂತ್ರ ಸಿಗುತ್ತಿಲ್ಲ ಎಂದು ಪರದೆ ಮೂರನೇ ಸಲ ಹೇಳಿತು. ಯಂತ್ರ ಅದರ ಪಕ್ಕದಲ್ಲೇ, ಒಂದು ಗೇಣು ಆಚೆಗೆ, ಹತ್ತೊಂಬತ್ತು ವರ್ಷದಿಂದ ಕೂತ ಜಾಗದಲ್ಲೇ ಕೂತಿತ್ತು. ಅದರ ಬೆನ್ನಿನಿಂದ ಹೊರಟ ಬೂದುಬಣ್ಣದ ದಪ್ಪ ಕೇಬಲ್ಲು ಕಂಪ್ಯೂಟರಿನ ಬೆನ್ನಿಗೆ ಕಚ್ಚಿಕೊಂಡಿತ್ತು. ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ಕೈಗೆ ಸಿಗುವ ವಸ್ತು. ಹೊಸ ಆಪರೇಟಿಂಗ್ ಸಿಸ್ಟಂಗೆ ಮಾತ್ರ ಸಿಗುವುದಿಲ್ಲವಂತೆ.

"ಸಿಗುತ್ತೆ ಮೇಡಂ. ಸ್ವಲ್ಪ ಹುಡುಕೋಕೆ ಬಿಡಿ ಅದನ್ನ," ಎಂದ ಹೆಡ್ ಆಫೀಸಿನಿಂದ ಬಂದ ಕಂಪ್ಯೂಟರಿನವನು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟೀ ಲೋಟ. ಮೂರು ದಿನದಿಂದ ಆತ ಮಾಡಿದ್ದು ಎರಡೇ ಕೆಲಸ: ಟೀ ಕುಡಿಯುವುದು, ಮತ್ತು ಆಗುತ್ತೆ ಎನ್ನುವುದು.

"ಪಕ್ಕದಲ್ಲೇ ಇರೋದನ್ನ ಎಷ್ಟು ದಿನ ಹುಡುಕುತ್ತೆ ಸಾಹೇಬ್ರೇ? ಶುಕ್ರವಾರದಿಂದ ಹುಡುಕ್ತಾ ಇದೆ."

"ಹಳೇ ಯಂತ್ರ ಅಲ್ವಾ ಮೇಡಂ. ಇದನ್ನ ಮಾಡಿದ ಕಂಪನಿನೇ ಮುಚ್ಚಿಹೋಗಿದೆ. ಹೊಸ ಸಿಸ್ಟಂಗೆ ಇದರ ಭಾಷೆ ಗೊತ್ತಿಲ್ಲ."

"ಇದನ್ನ ನಾನು ಮೂರು ಸಲ ಬರೆದು ಕಳಿಸಿದ್ದೆ."

ಕಳಿಸಿದ್ದಳು, ನಿಜ. ತಿಂಗಳ ಕೊನೆಯೊಳಗೆ ಕಾರ್ಖಾನೆಯ ಎಲ್ಲ ಕಂಪ್ಯೂಟರುಗಳೂ ಹೊಸದಾಗಬೇಕು ಎಂಬ ಸುತ್ತೋಲೆ ಬಂದ ದಿನವೇ ಮೊದಲ ಪತ್ರ ಬರೆದಿದ್ದಳು. ಮೂರಕ್ಕೂ ಅರೆಕ್ಷಣದಲ್ಲಿ ಉತ್ತರ ಬಂದಿತ್ತು: ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಅಷ್ಟು ಬೇಗ ಉತ್ತರ ಕೊಡುವವರು ಪತ್ರ ಓದಿರುವುದಿಲ್ಲ ಎಂದು ತಿಳಿಯದಷ್ಟು ಹೊಸಬಳೇನಲ್ಲ ಅವಳು.

ಅದು ಕಲ್ಲಿನ ಕಾರ್ಖಾನೆ. ಜನರ ಅಡುಗೆಮನೆಗಳಿಗೆ ಬೇಕಾದ ಕಲ್ಲಿನ ಹಾಸುಗಳನ್ನು ಅಲ್ಲಿ ಕೊಯ್ದು, ಉಜ್ಜಿ, ಮುಖ ಕಾಣುವಷ್ಟು ನುಣುಪು ಮಾಡಿ ಕಳಿಸುತ್ತಿದ್ದರು. ಪಾಲಿಶ್ ಶೆಡ್ಡಿನಲ್ಲಿ ಹಾರುವ ಬಿಳಿ ದೂಳು ಉಜ್ಜುವವರ ಎದೆಗಿಳಿದು ಅಲ್ಲೇ ಮನೆ ಮಾಡುತ್ತಿತ್ತು. ಆ ಮೂವತ್ತೆಂಟು ಜನ ಆರು ತಿಂಗಳಿಗೊಮ್ಮೆ ಈ ಕೋಣೆಗೆ ಬಂದು ಯಂತ್ರದ ಕೊಳವೆಗೆ ಬಾಯಿಟ್ಟು ಊದಬೇಕೆಂದು ಕಾನೂನಿತ್ತು. ಎದೆಯಲ್ಲಿ ಎಷ್ಟು ಲೀಟರು ಗಾಳಿ ಉಳಿದಿದೆ ಎಂದು ಯಂತ್ರ ಹೇಳುತ್ತಿತ್ತು. ಸತತವಾಗಿ ಮೂರು ಸಲ ಇಳಿದರೆ ಆ ಮನುಷ್ಯನನ್ನು ದೂಳಿನಿಂದ ಹೊರಗೆ, ಬಯಲಿನ ಪ್ಯಾಕಿಂಗ್ ಕೆಲಸಕ್ಕೆ ಹಾಕಲೇಬೇಕು. ಎರಡು ಸಲ ಇಳಿದರೆ ಸಾಲದು. ಎರಡು ಸಲ ಇಳಿದವನು ಇನ್ನೂ ಆರು ತಿಂಗಳು ದೂಳು ಕುಡಿದು ತನ್ನ ಕಾಯಿಲೆಯನ್ನು ಖಾತರಿ ಮಾಡಿಸಿಕೊಂಡು ಬರಬೇಕು. ಇಂಥ ನಿಯಮವನ್ನು ಬರೆದವರು ಶೆಡ್ಡಿನ ಬಾಗಿಲವರೆಗೂ ಬಂದವರಲ್ಲ.

ಊದಿಸುವವಳು ಇವಳು. ಶೆಡ್ಡಿನವರ ಬಾಯಲ್ಲಿ ಉಸಿರಕ್ಕ.

ಹೊರಗೆ ಮೆಟ್ಟಿಲ ಮೇಲೆ ಸಣ್ಣಗೆ ಶಿಳ್ಳೆ ಕೇಳಿಸಿತು. ಯಾರು ಬಂದರೆಂದು ತಿರುಗಿ ನೋಡಬೇಕಾಗಿರಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆಯಿಂದ ಹೀಗೆ ಶಿಳ್ಳೆ ಹೊರಡಿಸುವವನು ಶೆಡ್ಡಿನಲ್ಲಿ ಒಬ್ಬನೇ. ಎರಡು ವರ್ಷದಿಂದ ಅವನನ್ನು ಎಲ್ಲರೂ ಕೊಳಲು ಎಂದೇ ಕರೆಯುತ್ತಿದ್ದರು. ಅವನೂ ಅದಕ್ಕೆ ಓಗೊಡುತ್ತಿದ್ದ.

"ಅಕ್ಕಾ, ಚೀಟಿ," ಎಂದ ಕೊಳಲು, ಹೆಲ್ಮೆಟ್ಟನ್ನು ಕಂಕುಳಲ್ಲಿ ಒತ್ತಿಕೊಂಡು. "ಸೋಮವಾರ ಬಾ ಅಂದಿದ್ರಿ. ಮನೆಯವಳು ಹಾಲಿನ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟಿದ್ದಾಳೆ."

ಗುರುವಾರ ಅವನು ಊದಿದಾಗ ಸಂಖ್ಯೆ ಸತತ ಮೂರನೇ ಸಲ ಇಳಿದಿತ್ತು. ಮೊದಲು ಮೂರು ಪಾಯಿಂಟ್ ಒಂದು, ಆಮೇಲೆ ಎರಡು ಪಾಯಿಂಟ್ ಏಳು, ಗುರುವಾರ ಎರಡು ಪಾಯಿಂಟ್ ನಾಲ್ಕು. ಅವತ್ತೇ ಬಯಲಿನ ಕೆಲಸಕ್ಕೆ ಹಾಕುವ ಚೀಟಿ ಮುದ್ರಿಸಿ ಕೊಡಬಹುದಿತ್ತು. ಐದಕ್ಕೆ ಹತ್ತು ನಿಮಿಷವಿತ್ತು, ಪ್ರಿಂಟರು ಆರಿತ್ತು, ಅವಳ ಚೀಲ ಹೆಗಲೇರಿತ್ತು. ಸೋಮವಾರ ಬಾರಪ್ಪಾ ಎಂದಿದ್ದಳು.

"ಸಾಹೇಬ್ರೇ, ಯಂತ್ರ ಸಿಗದಿದ್ರೆ ಇರಲಿ. ಹಳೇ ದಾಖಲೆ ತೆಗೀರಿ. ಇವರ ಮೂರು ಸಂಖ್ಯೆ ಸಾಕು ನನಗೆ."

"ಅದಕ್ಕೇನಂತೆ ಮೇಡಂ, ಎಲ್ಲಾ ಬ್ಯಾಕಪ್ ಇದೆ," ಎಂದು ಆತ ಲೋಟ ಕೆಳಗಿಟ್ಟು ಹುರುಪಿನಿಂದ ಕೂತ.

ತೆರೆದ. ಒಳಗೆ ನಲವತ್ತೊಂದು ಹೂವಿನ ಚಿತ್ರಗಳಿದ್ದವು. ಸುರಕ್ಷತಾ ದಿನದಂದು ಮ್ಯಾನೇಜರು ರಿಬ್ಬನ್ನು ಕತ್ತರಿಸುವ ಫೋಟೊಗಳು ಏಳು ಕೋನಗಳಿಂದ ಇದ್ದವು. ಕ್ಯಾಂಟೀನಿನಲ್ಲಿ ಲೋಟ ಕದಿಯಬಾರದೆಂಬ ನೋಟಿಸಿತ್ತು. ಹತ್ತೊಂಬತ್ತು ವರ್ಷದ ಉಸಿರು ಇರಲಿಲ್ಲ. ಉಸಿರಿನ ದಾಖಲೆಯನ್ನು ಆ ಹಳೆಯ ಪ್ರೋಗ್ರಾಮು ತನ್ನದೇ ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತಿತ್ತು. ಈ ಮಹಾಶಯ ಅಂಗೈಯಗಲದ ಎರಡು ಫೋಲ್ಡರು ನಕಲು ಮಾಡಿಕೊಂಡು, ಡಿಸ್ಕಿನಲ್ಲಿ ಜಾಗ ಸಾಲದೆಂದು ಉಳಿದದ್ದನ್ನೆಲ್ಲ ನೆಲ ಒರೆಸಿದ ಹಾಗೆ ಒರೆಸಿಹಾಕಿದ್ದ.

"ಡಾಕ್ಯುಮೆಂಟ್ಸಲ್ಲಿ ಇಟ್ಟಿರಬೇಕಿತ್ತು ನೀವು," ಎಂದ ಆತ, ದನಿ ಇಳಿಸಿ. "ಆಮೇಲೆ ಮೇಡಂ, ಫಾರಂನಲ್ಲಿ ನಿಮ್ಮ ಸಹಿ ಇದೆ."

ಅದೂ ನಿಜ. ಬ್ಯಾಕಪ್ಪನ್ನು ತೆರೆದು ನೋಡಿ ಖಚಿತಪಡಿಸಿಕೊಂಡಿದ್ದೇನೆ ಎಂಬ ಸಾಲಿನ ಕೆಳಗೆ ಸಹಿ ಹಾಕಿದ್ದಳು. ಫಾರಂ ಹೆಡ್ ಆಫೀಸಿಗೆ ಹೋಗದೆ ಡೌನ್‌ಲೋಡೇ ಶುರುವಾಗುವುದಿಲ್ಲ ಎಂದು ಆತ ಹೇಳಿದ್ದಕ್ಕೆ, ಬ್ಯಾಕಪ್ಪು ಹುಟ್ಟುವ ಮೊದಲೇ ಅದನ್ನು ಕಣ್ಣಾರೆ ಕಂಡೆನೆಂದು ಬರೆದುಕೊಟ್ಟಿದ್ದಳು. ಇನ್ನು ಕಾಗದದ ರಿಜಿಸ್ಟರು. ಕಾಗದರಹಿತ ಕಚೇರಿ ಎಂಬ ಹುಚ್ಚು ಎರಡು ವರ್ಷದ ಕೆಳಗೆ ಎದ್ದಾಗ ಅದನ್ನು ತನ್ನ ಕೈಯಾರೆ ಚೂರು ಮಾಡುವ ಯಂತ್ರಕ್ಕೆ ಕೊಟ್ಟಿದ್ದಳು. ಅದಕ್ಕೆ ಸಿಕ್ಕ ಪ್ರಶಸ್ತಿಪತ್ರ ಗೋಡೆಯ ಮೇಲೆ ಗಾಜಿನೊಳಗೆ ಹಲ್ಲು ಕಿರಿಯುತ್ತಿತ್ತು. ಕಾಗದರಹಿತ ಕಚೇರಿಯ ಪ್ರಶಸ್ತಿಯನ್ನು ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿದ್ದರು. ಉಗಿಯಬೇಕೆಂದರೆ ಮೊದಲು ತನ್ನ ಮುಖಕ್ಕೇ ಉಗಿದುಕೊಳ್ಳಬೇಕು ಎನ್ನಿಸಿತು ಅವಳಿಗೆ.

ಕೊಳಲು ಇಬ್ಬರ ಮುಖವನ್ನೂ ನೋಡಿದ. "ಅಂದ್ರೆ ನಾನು ಊದಿದ್ದೆಲ್ಲ ಹೋಯ್ತಾ ಅಕ್ಕ?"

ಅವಳು ಪ್ರಿಂಟರಿನ ಸ್ವಿಚ್ಚು ಆರಿಸಿದಳು.

"ಸರಿ ಬಿಡಿ. ಉಸಿರು ಹೋಗಿದ್ದೂ ಹೋಯ್ತು, ಹೋಯ್ತು ಅನ್ನೋ ಲೆಕ್ಕವೂ ಹೋಯ್ತು." ಅವನು ನಗಲು ಹೋದ. ನಗು ಅರ್ಧಕ್ಕೆ ಶಿಳ್ಳೆಯಾಗಿ, ಶಿಳ್ಳೆ ಕೆಮ್ಮಾಯಿತು.

"ಇಲ್ಲೇ ಬೆಂಚಿನ ಮೇಲೆ ಕೂತಿರು. ಎಲ್ಲೂ ಹೋಗಬೇಡ," ಎಂದು ಉಸಿರಕ್ಕ ಮ್ಯಾನೇಜರ ಕೋಣೆಗೆ ನಡೆದಳು.

ಮ್ಯಾನೇಜರು ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ಒರೆಸಿಕೊಂಡು, "ಪಾಪ," ಎಂದರು. ಯಾರಿಗೆ ಎಂದು ಹೇಳಲಿಲ್ಲ. "ಸಿಸ್ಟಮ್ಮಿನ ತೊಂದರೆಗೆ ಯಾರನ್ನ ದೂರೋದು ಹೇಳಿ. ಹೊಸ ಯಂತ್ರಕ್ಕೆ ಬರೆಯೋಣ. ಬಂದಮೇಲೆ ಎಣಿಕೆ ಮೊದಲಿಂದ ಶುರು ಮಾಡೋಣ. ಫ್ರೆಶ್ ಆಗಿ."

"ಯಂತ್ರ ಯಾವಾಗ ಬರುತ್ತೆ ಸರ್?"

"ಮುಂದಿನ ವರ್ಷದ ಬಜೆಟ್ಟಲ್ಲಿ ಸೇರಿಸ್ತೀನಿ."

"ಆಮೇಲೆ ಆರಾರು ತಿಂಗಳಿಗೆ ಒಂದರಂತೆ ಮೂರು ಸಲ. ಅಷ್ಟು ಹೊತ್ತಿಗೆ ಊದೋಕೆ ಅವನ ಎದೆಯಲ್ಲಿ ಏನು ಉಳಿದಿರುತ್ತೆ?"

"ನೀವು ಭಾವುಕರಾಗ್ತಿದೀರ. ನಾನೇನು ಕಲ್ಲೆದೆಯವನಲ್ಲ. ದಾಖಲೆ ತೋರಿಸಿ, ಇವತ್ತೇ ಬಯಲಿಗೆ ಹಾಕ್ತೀನಿ. ದಾಖಲೆ ಇಲ್ಲದೆ ನಾನು ಹೆಡ್ ಆಫೀಸಿಗೆ ಏನಂತ ಹೇಳಲಿ?"

ಆಗ ಅವಳ ಕಣ್ಣು ಅವರ ಮೇಜಿನ ಮೇಲಿನ ಕಂಪ್ಯೂಟರಿಗೆ ಬಿತ್ತು. ಹಳೆಯ ನೀಲಿ ಪರದೆ. ಹಳೆಯ ಪುಟ್ಟ ಗುರುತುಗಳು, ಇದ್ದ ಜಾಗದಲ್ಲೇ ಇದ್ದವು.

"ನಿಮ್ಮದು ಹೊಸದಾಗಿಲ್ವಾ ಸರ್?"

ಮ್ಯಾನೇಜರು ಪರದೆಯನ್ನು ತುಸು ತಮ್ಮ ಕಡೆಗೆ ತಿರುಗಿಸಿಕೊಂಡರು. "ಇದಕ್ಕೆ ವಿನಾಯಿತಿ ತಗೊಂಡಿದೀನಿ. ಇದರಲ್ಲಿ ಮುಖ್ಯವಾದ ಫೈಲುಗಳಿವೆ ನೋಡಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕಷ್ಟ."

ಅವಳು ಬಾಗಿಲು ತೆಗೆದು ಹೊರಗೆ ಬಂದಳು. ಇನ್ನೊಂದು ಕ್ಷಣ ನಿಂತಿದ್ದರೆ ಆ ಕೋಣೆಯಲ್ಲಿ ಆಡಬಾರದ ಮಾತೇ ಬರುತ್ತಿತ್ತು.

ವಾಪಸು ಬಂದಾಗ ಕೊಳಲು ಬೆಂಚಿನ ಮೇಲೆ ಬೆನ್ನು ಬಾಗಿಸಿ ಕೂತಿದ್ದ. ಹೆಲ್ಮೆಟ್ಟು ತೊಡೆಯ ಮೇಲೆ ಅಂಗಾತವಾಗಿತ್ತು, ಅವನು ಅದರೊಳಗೆ ಬಗ್ಗಿ ಏನನ್ನೋ ಬೆರಳಿನಿಂದ ಸವರುತ್ತಿದ್ದ. ಅವಳಿಗೆ ಗೊತ್ತಿತ್ತು ಅದೇನೆಂದು. ಶೆಡ್ಡಿನವರ ಹಳೆಯ ಚಾಳಿ. ಊದಿ ಹೊರಗೆ ಹೋದ ಕೂಡಲೇ ತಮ್ಮ ಸಂಖ್ಯೆಯನ್ನೂ ತಾರೀಕನ್ನೂ ಹೆಲ್ಮೆಟ್ಟಿನೊಳಗೆ ಬರೆದುಕೊಳ್ಳುವುದು. ಅದೂ ಕಲ್ಲಿಗೆ ಗುರುತು ಹಾಕುವ ಪೆನ್ನಿನಿಂದ, ಬೆವರಿಗೂ ಸೋಪಿಗೂ ಜಗ್ಗದ ಮಸಿಯಿಂದ. ಆಮೇಲೆ ಸಾಲಾಗಿ ನಿಂತು ಹೋಲಿಸುವುದು, ಎಲ್ಲರಿಗಿಂತ ಹೆಚ್ಚು ಇಳಿದವನಿಗೆ ಉಳಿದವರು ಟೀ ಕೊಡಿಸುವುದು. ಸುರಕ್ಷತೆಯವರು ಹೆಲ್ಮೆಟ್ಟಿನ ಮೇಲೆ ಬರೆಯಬಾರದೆಂದು ನೋಟಿಸು ಹಾಕಿದರು. ನಾವು ಮೇಲೆ ಬರೆಯಲ್ಲ, ಒಳಗೆ ಬರೀತೀವಿ ಎಂದು ಇವರು ಮುಂದುವರಿಸಿದರು. ಎದೆ ಕರಗುವುದನ್ನೂ ಆಟ ಮಾಡಿಕೊಂಡಿದ್ದೀರಲ್ಲ ಎಂದು ಉಸಿರಕ್ಕನೂ ಎಷ್ಟೋ ಸಲ ರೇಗಿದ್ದಳು.

"ಕೊಡಪ್ಪಾ ಇಲ್ಲಿ."

ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಒಂದರ ಕೆಳಗೆ ಒಂದು ಒಂಬತ್ತು ಸಾಲು. ನಾಲ್ಕು ಪಾಯಿಂಟ್ ಎರಡರಿಂದ ಶುರುವಾಗಿ, ನಡುವೆ ಆಗಾಗ ತುಸು ಏರಿ, ಕೊನೆಯ ಮೂರು ಸಾಲಿನಲ್ಲಿ ಮೆಟ್ಟಿಲಿಳಿದ ಹಾಗೆ ಇಳಿದಿತ್ತು. ಕೊನೆಯದು ಗುರುವಾರದ್ದು, ಇನ್ನೂ ಹೊಳೆಯುವ ಕಪ್ಪು: ೨.೪.

"ಎಲ್ಲರ ಹೆಲ್ಮೆಟ್ಟಲ್ಲೂ ಇದೆಯಾ?"

"ಇರದೆ ಏನಕ್ಕ. ಟೀ ವಿಷಯ ಅಲ್ವಾ, ಸುಳ್ಳು ಬರೆದ್ರೆ ಬಿಡ್ತಾರಾ. ಒಬ್ಬರದನ್ನ ಇನ್ನೊಬ್ಬರು ನೋಡಿನೇ ಬರೆಯೋದು." ಅವನು ಸ್ವಲ್ಪ ನಾಚಿಕೊಂಡ. "ನಾನು ನಾಲ್ಕು ಸಲ ಟೀ ಕುಡಿದಿದೀನಿ."

"ಹೋಗು. ಎಲ್ಲರದೂ ತಗೊಂಡು ಬಾ. ಊಟದ ಗಂಟೆ ಹೊಡೆದ ತಕ್ಷಣ. ಟ್ರಾಲಿ ತಗೋ, ಹೊತ್ಕೊಂಡು ಬರಬೇಡ."

ಊಟದ ಬಿಡುವು ಮುಗಿಯುವ ಹೊತ್ತಿಗೆ ಮ್ಯಾನೇಜರ ಮೇಜಿನ ಮೇಲೆ ಕೈಯಿಡಲು ಜಾಗವಿರಲಿಲ್ಲ. ಮೂವತ್ತೆಂಟು ಹೆಲ್ಮೆಟ್ಟುಗಳು ಅಂಗಾತ ಮಲಗಿದ್ದವು: ಮೇಜಿನ ಗಾಜಿನ ಮೇಲೆ, ಕುರ್ಚಿಗಳ ಮೇಲೆ, ಸುರಕ್ಷತಾ ಟ್ರೋಫಿಯಿದ್ದ ಕಪಾಟಿನ ಮೇಲೆ. ಒಂದೊಂದರಿಂದಲೂ ಬಿಳಿ ಹಿಟ್ಟು ಉದುರಿ ಗಾಜು ಮಸುಕಾಗಿತ್ತು.

"ಇದೇನು ಮೇಡಂ, ಟೋಪಿ ಅಂಗಡಿ?"

"ದಾಖಲೆ ಕೇಳಿದ್ರಲ್ಲ ಸರ್."

ಮ್ಯಾನೇಜರು ಒಂದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡರು. "ಇದನ್ನ ಯಾರು ಬೇಕಾದ್ರೂ ಗೀಚ್ಕೋಬಹುದು. ಇದಕ್ಕೆ ಸಹಿ ಎಲ್ಲಿದೆ, ಮೊಹರು ಎಲ್ಲಿದೆ?"

"ಸಹಿ ನಾನು ಹಾಕ್ತೀನಿ. ಪ್ರತಿಯೊಂದು ಸಂಖ್ಯೆನೂ ಅವರಿಗೆ ಹೇಳಿದ್ದು ನಾನೇ." ಅವಳು ಮಡಿಸಿದ ಕಾಗದವೊಂದನ್ನು ಮುಂದಿಟ್ಟಳು. "ಅದಕ್ಕೂ ಮೊದಲು ಇದನ್ನ ಓದಿ."

ಅವರು ಓದಿದರು. ಹಳೆಯ ದಾಖಲೆಗಳು ಆಪರೇಟಿಂಗ್ ಸಿಸ್ಟಂ ಬದಲಿಸುವಾಗ ಅಳಿಸಿಹೋದವು, ಬ್ಯಾಕಪ್ಪನ್ನು ತಾನು ನೋಡಿರಲಿಲ್ಲ, ನೋಡದೆ ಸಹಿ ಹಾಕಿದ್ದು ತಪ್ಪು, ತಾನು ಬರೆದ ಮೂರು ಪತ್ರಗಳನ್ನು ಯಾರೂ ಓದಲಿಲ್ಲ, ಹೆಲ್ಮೆಟ್ಟಿನ ಸಂಖ್ಯೆಗಳು ಸರಿಯಾದವು. ಏಳು ಸಾಲಿನಲ್ಲಿ ಮುಗಿದಿತ್ತು.

"ಇದನ್ನ ಕೊಟ್ರೆ ಮೊದಲು ಹೋಗೋದು ನಿಮ್ಮ ಕೆಲಸ. ಗೊತ್ತಾ ನಿಮಗೆ?"

"ಗೊತ್ತು."

"ಯೋಚನೆ ಮಾಡಿ. ಹರಿದು ಹಾಕ್ತೀನಿ, ಕೇಳಲೇ ಇಲ್ಲ ಅಂದ್ಕೋತೀನಿ. ಹತ್ತೊಂಬತ್ತು ವರ್ಷದ ಸರ್ವಿಸು."

"ನೋಡದೆ ಹಾಕಿದ ಸಹಿ ನಡೀತು ಸರ್. ನೋಡಿ ಹಾಕೋ ಸಹಿ ಯಾಕೆ ನಡೆಯಲ್ಲ?" ಅವಳ ದನಿ ಏರಲಿಲ್ಲ. "ಹರಿಯೋದಾದ್ರೆ ಹರೀರಿ. ಇನ್ನೊಂದು ಪ್ರತಿ ಶೆಡ್ಡಿನ ಬಾಗಿಲಿಗೆ ಅಂಟಿಸಿ ಬಂದಿದೀನಿ. ಕಾಗದದ್ದು."

ಮ್ಯಾನೇಜರು ಬಾಯಿ ತೆರೆಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಶೆಡ್ಡಿನ ಮೇಸ್ತ್ರಿ. ಗಂಟೆ ಹೊಡೆದು ಹತ್ತು ನಿಮಿಷವಾದರೂ ಒಬ್ಬನೂ ಒಳಗೆ ಬಂದಿಲ್ಲ ಎಂದು ಅವನು ಕೂಗುತ್ತಿದ್ದುದು ಮೇಜಿನ ಈಚೆಗೂ ಕೇಳಿಸಿತು. ಹೆಲ್ಮೆಟ್ಟಿಲ್ಲದೆ ಶೆಡ್ಡಿನೊಳಗೆ ಕಾಲಿಟ್ಟವರ ಮೇಲೆ ಶಿಸ್ತುಕ್ರಮ ಎಂದು ಬಾಗಿಲಲ್ಲೇ ಫಲಕ ಇದೆ, ಕೆಳಗೆ ನಿಮ್ಮ ಹೆಸರಿದೆ, ಅದನ್ನೇ ತೋರಿಸ್ತಿದಾರೆ ಸರ್, ಎನ್ನುತ್ತಿದ್ದ.

ಮ್ಯಾನೇಜರು ಫೋನಿಟ್ಟರು. "ಇವನ್ನ ಈಗಲೇ ವಾಪಸ್ ಕಳಿಸಿ."

"ಓದಿ, ಬರೆದು, ಸಹಿ ಮಾಡಿ ಒಂದೊಂದಾಗಿ ಕಳಿಸ್ತೀನಿ. ಟೈಪು ಮಾತ್ರ ನೀವೇ ಮಾಡಬೇಕು. ಇಡೀ ಕಾರ್ಖಾನೆಯಲ್ಲಿ ಸರಿಯಾಗಿರೋ ಕಂಪ್ಯೂಟರು ಇದೊಂದೇ."

ಮ್ಯಾನೇಜರು ಅವಳನ್ನು ನೋಡಿದರು, ಫೋನನ್ನು ನೋಡಿದರು, ಏಳು ಸಾಲಿನ ಕಾಗದವನ್ನು ನೋಡಿದರು. ಫೋನು ಮತ್ತೆ ಹೊಡೆದುಕೊಂಡಿತು. ಅದನ್ನು ಎತ್ತದೆ, ಕೀಬೋರ್ಡಿನ ಮೇಲಿದ್ದ ಹೆಲ್ಮೆಟ್ಟನ್ನು ಸರಿಸಿ, ಎರಡು ತೋರುಬೆರಳುಗಳನ್ನು ಕೀಲಿಗಳ ಮೇಲಿಟ್ಟರು.

ಉಸಿರಕ್ಕ ಕೊಳಲಿನ ಹೆಲ್ಮೆಟ್ಟನ್ನೇ ಮೊದಲು ಎತ್ತಿಕೊಂಡು ಕಿಟಕಿಯ ಬಳಿ ಹೋದಳು. ಕೆಳಗೆ ಬಯಲಿನಲ್ಲಿ, ಪ್ಯಾಕಿಂಗಿನ ಮರದ ಪೆಟ್ಟಿಗೆಗಳ ಮೇಲೆ ಮೂವತ್ತೆಂಟು ಜನ ಬರಿದಲೆಯಲ್ಲಿ ಕೂತಿದ್ದರು. ಹೆಲ್ಮೆಟ್ಟಿನ ಅಂಚು ಮುಟ್ಟುವಲ್ಲಿಯವರೆಗೆ ಅವರ ತಲೆ, ಹುಬ್ಬು, ಕಿವಿ ಎಲ್ಲ ಬಿಳಿ. ಅದರ ಮೇಲೆ ಕಪ್ಪು ಕೂದಲು ಗಾಳಿಗೆ ಆಡುತ್ತಿತ್ತು.

"ಹೇಳಿ," ಎಂದರು ಮ್ಯಾನೇಜರು.

"ನಾಲ್ಕು ಪಾಯಿಂಟ್ ಎರಡು," ಎಂದಳು.

ಉಜ್ಜುವ ಚಕ್ರಗಳು ನಿಂತ ಶೆಡ್ಡಿನ ಬಾಗಿಲಿನಿಂದ ದೂಳು ನಿಧಾನವಾಗಿ ನೆಲಕ್ಕಿಳಿಯುತ್ತಿತ್ತು. ಕೀಲಿಯ ಒಂದೊಂದು ಸದ್ದಿನ ನಡುವೆ, ಕೆಳಗಿನ ಆ ಸಣ್ಣ ಶಿಳ್ಳೆ ಕಿಟಕಿಯವರೆಗೂ ಕೇಳಿಸುತ್ತಿತ್ತು.